ಕಿಂಡಲ್‌ನಲ್ಲಿ ಗೆರೆ ಎಳೆದಿದ್ದನ್ನ ಲ್ಯಾಪ್‌ಟಾಪಿಗೆ ತರೋದು ಹೇಗೆ?

ಪ್ರಶ್ನೆ: ಸರ್, ನಮ್ದು ಸೋಮವಾರಪೇಟೆ ಹತ್ರ ಕಾಫಿ ತೋಟ. ಮಳೆಗಾಲದಲ್ಲಿ ಎರಡ್ಮೂರು ದಿನ ಕರೆಂಟ್ ಇಲ್ದಿದ್ರೂ ಕಿಂಡಲ್ ನಡೆಯುತ್ತೆ ಅಂತ ಅದ್ರಲ್ಲೇ ಓದ್ತೀನಿ. ಕಾಂಡಕೊರಕ (ಕಾಫಿ ಗಿಡದ ಕಾಂಡ ಕೊರೆಯೋ ಹುಳ), ನೆರಳು ಮರ, ಕಪಾತು (ಕೊಂಬೆ ಸವರೋದು) ಅಂತ ಎರಡು ವರ್ಷದಿಂದ ಹೈಲೈಟ್ ಮಾಡಿ ನೋಟ್ ಬರೆದಿದ್ದೀನಿ. ಅದನ್ನ ಪ್ರಿಂಟ್ ತೆಗೆದು ತೋಟದ ರೈಟರಿಗೆ (ಕೆಲಸ, ಲೆಕ್ಕ ನೋಡ್ಕೊಳ್ಳೋರಿಗೆ) ಕೊಡ್ಬೇಕು. ಹೈಲೈಟ್, ನೋಟ್ ಎಲ್ಲ ತೋರ್ಸೋ ಅಮೆಜಾನ್ ವೆಬ್‌ಸೈಟಿನ ನೋಟ್‌ಬುಕ್ ಪೇಜಲ್ಲಿ ಅರ್ಧ ಪುಸ್ತಕ ಕಾಣ್ತಾನೇ ಇಲ್ಲ. ಏನ್ ಮಾಡ್ಲಿ?
ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಗಾಬರಿ ಬೇಡ, ನಿಮ್ಮ ನೋಟ್ಸ್ ಎಲ್ಲೂ ಹೋಗಿಲ್ಲ. ಆ ಪೇಜಲ್ಲಿ ಬರೋದು ಅಮೆಜಾನಿಂದ ತಗೊಂಡ ಪುಸ್ತಕದ್ದು, ನೀವೇ ಕೇಬಲಲ್ಲಿ ಹಾಕ್ಕೊಂಡಿದ್ದು ಅಲ್ಲಿಗೆ ಹೋಗಲ್ಲ. ಆದ್ರೆ ಎಲ್ಲಾದ್ರದ್ದೂ ಒಂದು ಕಾಪಿ ಕಿಂಡಲ್ ಒಳಗೇ ಕೂತಿರುತ್ತೆ. ಲ್ಯಾಪ್‌ಟಾಪಿಗೆ ಸಿಗ್ಸಿ ಡಾಕ್ಯುಮೆಂಟ್ಸ್ ಫೋಲ್ಡರ್ ತೆಗೀರಿ, 'ಮೈ ಕ್ಲಿಪಿಂಗ್ಸ್' ಅಂತ ಒಂದು ಟೆಕ್ಸ್ಟ್ ಫೈಲ್ ಇರುತ್ತೆ, ಅದನ್ನ ಕಾಪಿ ಮಾಡ್ಕೊಂಡ್ರೆ ಆಯ್ತು, ನೆಟ್‌ವರ್ಕ್ ಬೇಕಾಗಿಲ್ಲ. ಫೋಲ್ಡರೇ ಕಾಣ್ಲಿಲ್ಲ ಅಂದ್ರೆ ನಿಮ್ಮ ಕೇಬಲ್ ಬರೀ ಚಾರ್ಜಿಂದಿರಬಹುದು, ಬೇರೆ ಹಾಕಿ ನೋಡಿ.

ಫೈಲಲ್ಲಿ ಪುಸ್ತಕದ ಹೆಸರು, ಪುಸ್ತಕದಲ್ಲಿ ಆ ಸಾಲಿರೋ ಜಾಗದ ನಂಬರು, ತಾರೀಕು, ಆಮೇಲೆ ನೀವು ಗೆರೆ ಎಳೆದ ಸಾಲು, ಕೆಳಗೆ ಸಮ ಚಿಹ್ನೆಗಳ ಒಂದು ಪಟ್ಟಿ, ಹೀಗೇ ಸಾಗುತ್ತೆ. ನೀವು ಬರೆದ ನೋಟ್ ಬೇರೆಯಾಗಿ ಬಂದಿರುತ್ತೆ. ಹೈಲೈಟ್ ಉದ್ದ ಮಾಡಿದ್ರೆ ಹಳೇದೂ ಹೊಸದೂ ಎರಡೂ ಇರುತ್ತೆ, ಅಳಿಸಿದ್ದೂ ಉಳ್ಕೊಂಡಿರುತ್ತೆ, ಪ್ರಿಂಟಿಗೆ ಮುಂಚೆ ಕೂತು ಬೇಡದ್ದನ್ನ ತೆಗೀಬೇಕು. ಕೆಲವು ಕೊಂಡ ಪುಸ್ತಕಗಳಿಗೆ ಪ್ರಕಾಶಕರ ಮಿತಿ ಇರುತ್ತೆ, ಅದು ದಾಟಿದ್ರೆ ಸಾಲಿನ ಬದಲು ಮಿತಿ ಮುಗೀತು ಅನ್ನೋ ಸೂಚನೆ ಬರುತ್ತೆ.

ಕನ್ನಡ ಪಿಡಿಎಫ್ ವಿಷಯ ಬೇರೆ. ಹಳೇ ನುಡಿ, ಬರಹ ಫಾಂಟಲ್ಲಿ ಮಾಡಿದ್ದಾದ್ರೆ ಸ್ಕ್ರೀನಲ್ಲಿ ಚೆಂದ ಕನ್ನಡ ಕಾಣುತ್ತೆ, ಫೈಲಲ್ಲಿ ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದನ್ನ ಎಸೀಬೇಡಿ, ಆಸ್ಕಿಯಿಂದ (ಆ ಹಳೇ ಫಾಂಟಿನ ರೀತಿ) ಯುನಿಕೋಡಿಗೆ (ಈಗ ಎಲ್ಲಾ ಕಡೆ ನಡೆಯೋ ರೀತಿ) ತಿರುಗಿಸೋ ಕನ್ವರ್ಟರಿಗೆ ಹಾಕಿದ್ರೆ ಬಹುತೇಕ ಸರಿಯಾಗುತ್ತೆ. ಸ್ಕ್ಯಾನ್ ಮಾಡಿದ ಪುಟವಾದ್ರೆ ಅದು ಬರೀ ಫೋಟೋ, ಕಿಂಡಲ್‌ನಲ್ಲಿ ಅಕ್ಷರ ಹಿಡಿಯೋಕೇ ಆಗಲ್ಲ, ಬೇಕಾದ್ದು ಕೈಯಲ್ಲೇ ಬರ್ಕೊಳ್ಳಿ.

ಕಿಂಡಲ್ ರೀಸೆಟ್ ಮಾತ್ರ ಮಾಡ್ಬೇಡಿ. ನಾನು ಹಿಂದೆ ಒಂದ್ಸಲ ಹ್ಯಾಂಗ್ ಆಯ್ತು ಅಂತ ಮಾಡ್ಬಿಟ್ಟೆ, ಆ ಫೈಲೂ ಅಳಿದುಹೋಯ್ತು, ಮತ್ತೆ ಸಿಗ್ಲೇ ಇಲ್ಲ, ಇವತ್ತಿಗೂ ಹೊಟ್ಟೆ ಉರಿಯುತ್ತೆ. ಕಾಂಡಕೊರಕದ ದುಂಬಿ ಹಾರೋದು ಏಪ್ರಿಲ್-ಮೇ, ಆಮೇಲೆ ಅಕ್ಟೋಬರಿಂದ ಡಿಸೆಂಬರ್. ರೈಟರ ಕೈಗೆ ಕಾಗದ ಅದಕ್ಕೆ ಮುಂಚೆ ಸೇರ್ಬೇಕು, ಹಾಗಾಗಿ ಮೊದ್ಲು ಕಾಂಡಕೊರಕದ ಪುಸ್ತಕದ್ದು ಬೇರೆ ಮಾಡಿ ಪ್ರಿಂಟ್ ತೆಗೀರಿ, ಉಳಿದಿದ್ದು ನಿಧಾನಕ್ಕೆ ನೋಡ್ಕೊಳ್ಳಿ.