ತೊಟ್ಟಿಯಿಲ್ಲದ ಅಬ್ಬಿ: ಪಿತ್ತಕೋಶ ತೆಗೆಸಿಕೊಂಡ ಮೇಲೆ ಊಟಕ್ಕೇ ಹೆದರಿದ ಗೃಹಿಣಿಯೊಬ್ಬರ ಪ್ರಕರಣ

ಆಪ್ತಸಲಹೆಗಾಗಿ ನನ್ನ ಬಳಿ ಬಂದ ಈ ಸಲಹಾರ್ಥಿಯ ಗುರುತು ಸಿಗಬಾರದೆಂದು ಮನೆಯ ಮತ್ತು ಊರಿನ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಪಡೆದಿದ್ದೇನೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ, ಐವತ್ತರ ಆಸುಪಾಸಿನ ವಯಸ್ಸು, ಮನೆಯಲ್ಲಿ ಗಂಡ, ಅತ್ತೆ ಮತ್ತು ಓದು ಮುಗಿಸಿದ ಮಗಳು ಎಂದಷ್ಟು ತಿಳಿದರೆ ಸಾಕು. ಜೂನ್ ತಿಂಗಳ ಒಂದು ಮಳೆಯ ದಿನ ಮಗಳು ಅವರನ್ನು ಶಿವಮೊಗ್ಗಕ್ಕೆ ನನ್ನ ಬಳಿ ಕರೆತಂದಳು. ಒಳಗೆ ಬಂದವರು ಕುರ್ಚಿಯಲ್ಲಿ ಕೂರುವುದಕ್ಕೆ ಮೊದಲು ಕೇಳಿದ್ದು, "ಮೇಡಂ, ಇಲ್ಲಿ ಬಾತ್‌ರೂಮು ಯಾವ ಕಡೆ?" ಎಂದು. ತೋರಿಸಿದೆ, ಹೋಗಲಿಲ್ಲ, ಬಾಗಿಲನ್ನು ಗುರುತಿಟ್ಟುಕೊಂಡು ಬಂದು ಕೂತರು. ಮಡಿಲಲ್ಲಿದ್ದ ಚೀಲವನ್ನು ಒಂದು ಗಂಟೆಯೂ ಕೆಳಗಿಡಲಿಲ್ಲ. ಅದರಲ್ಲಿ ಒಂದು ಸೀರೆ, ಒಂದು ಲಂಗ ಮತ್ತು ಎರಡು ಪ್ಲಾಸ್ಟಿಕ್ ಕವರುಗಳಿದ್ದವು ಎಂಬುದು ಆಮೇಲೆ ತಿಳಿಯಿತು.

ಅವರಿಗೆ ಊಟವಾದ ಮೇಲೆ ಬಲಗಡೆಯ ಪಕ್ಕೆಲುಬಿನ ಕೆಳಗೆ ನೋವು ಬರುವುದು ಹಲವು ವರ್ಷಗಳಿಂದಲೂ ಇತ್ತು. ಗ್ಯಾಸ್ಟ್ರಿಕ್ ಎಂದುಕೊಂಡು ಜೀರಿಗೆ ಕಷಾಯ ಕುಡಿಯುತ್ತ ಕಾಲ ತಳ್ಳಿದ್ದರು. ಕೊನೆಗೆ ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ಕಲ್ಲುಗಳು ಕಂಡವು. ಅಡಿಕೆ ಕೊಯ್ಲು ಮುಗಿಯಲಿ ಎಂದು ಕಾದು ಜನವರಿಯಲ್ಲಿ ಲ್ಯಾಪ್ರೊಸ್ಕೋಪಿ, ಅಂದರೆ ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಪಿತ್ತಕೋಶ ತೆಗೆಸಿಕೊಂಡರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿತ್ತು. ಡಿಸ್ಚಾರ್ಜ್ ಚೀಟಿಯಲ್ಲಿ ಆಹಾರದ ಬಗ್ಗೆ ಇದ್ದದ್ದು ಒಂದೇ ಸಾಲು: ಕೊಬ್ಬು ಕಡಿಮೆ ಇರುವ ಆಹಾರ ಸೇವಿಸಿ. ಎಷ್ಟು ಕಡಿಮೆ, ಎಷ್ಟು ದಿನ, ನಮ್ಮ ಅಡುಗೆಮನೆಯಲ್ಲಿ ಕೊಬ್ಬೆಂದರೆ ಯಾವುದು ಎಂಬುದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ.

ಆ ಸಾಲನ್ನು ಮನೆಯವರು ತಮಗೆ ತಿಳಿದಂತೆ ತುಂಬಿಕೊಂಡರು. ಹೊಟ್ಟೆಗೆ ಗಾಯವಾದ ಹೆಂಗಸಿಗೆ ಏನು ಕೊಡಬೇಕೆಂಬುದಕ್ಕೆ ಅತ್ತೆಯವರಿಗೆ ಗೊತ್ತಿದ್ದ ಮಾದರಿ ಒಂದೇ, ಬಾಣಂತಿ ಪಥ್ಯ. ಬಿಸಿ ಅನ್ನ, ಕಾಳುಮೆಣಸಿನ ಸಾರು, ಬೆಳ್ಳುಳ್ಳಿ, ಲೇಹ್ಯ, ಎಲ್ಲದರ ಮೇಲೂ ಮಿಳ್ಳೆ ತುಂಬ ತುಪ್ಪ. "ಹೊಟ್ಟೆ ಕೊಯ್ಸಿಕೊಂಡೋಳಿಗೆ ತುಪ್ಪ ಇಲ್ದೆ ತ್ರಾಣ ಎಲ್ಲಿಂದ ಬರ್ತದೆ?" ಎಂದು ಆ ಹಿರಿಯರು ನನ್ನನ್ನೂ ಆಮೇಲೆ ಕೇಳಿದರು. ಪ್ರೀತಿಯಿಂದಲೇ ಬಡಿಸಿದ ಆ ತುಪ್ಪ ಮೂರನೆಯ ದಿನಕ್ಕೆ ಹೊಟ್ಟೆ ಕೆಡಿಸಿತು. ಏಪ್ರಿಲ್‌ನಲ್ಲಿ ನೆಂಟರ ಮನೆಯ ಉಪನಯನಕ್ಕೆ ಹೋದಾಗ, ಮಧ್ಯಾಹ್ನ ಮೂರು ಗಂಟೆಗೆ ಎಲೆ ಹಾಕಿದ ಊಟದಲ್ಲಿ ಹೋಳಿಗೆ, ತುಪ್ಪ, ಪಾಯಸ ಉಂಡು ಬಸ್ಸು ಹತ್ತಿದವರಿಗೆ ಮಂಡಗದ್ದೆ ದಾಟುವಷ್ಟರಲ್ಲಿ ತಡೆಯಲಾಗಲಿಲ್ಲ. ಬಸ್ಸು ನಿಲ್ಲಿಸಿದರು, ಆದರೆ ಹೊತ್ತು ಮೀರಿತ್ತು. ಇದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಹೇಳಿದರು.

ಅಲ್ಲಿಂದ ಮುಂದೆ ಅವರು ಊಟವನ್ನು ಒಂದೊಂದಾಗಿ ಕಳೆಯುತ್ತ ಬಂದರು. ಮೊದಲು ತುಪ್ಪ ಹೋಯಿತು, ಆಮೇಲೆ ಒಗ್ಗರಣೆ, ಆಮೇಲೆ ತೆಂಗಿನಕಾಯಿ, ಹಾಲು, ಬೇಳೆ, ಹಣ್ಣು. ನನ್ನ ಬಳಿ ಬರುವ ಹೊತ್ತಿಗೆ, ಬೆಳಗಿನ ಕಾಫಿ ಬಿಟ್ಟರೆ, ಉಳಿದದ್ದು ಗಂಜಿ, ಉಪ್ಪು, ನೀರು ಮಜ್ಜಿಗೆ. ಎಲ್ಲರ ಊಟವಾದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಒಬ್ಬರೇ ಉಣ್ಣುತ್ತಿದ್ದರು. ಐದು ತಿಂಗಳಲ್ಲಿ 9 ಕೆ.ಜಿ. ಇಳಿದಿದ್ದರು, ಬಸ್ಸು ಹತ್ತುವುದನ್ನೇ ಬಿಟ್ಟಿದ್ದರು. ನನ್ನಲ್ಲಿಗೂ ಬಾಡಿಗೆ ಕಾರಿನಲ್ಲಿ, ಹಿಂದಿನ ದಿನದಿಂದ ಉಪವಾಸವಿದ್ದು ಬಂದಿದ್ದರು.

ನಾನು ವೈದ್ಯಳಲ್ಲ. ಅಷ್ಟು ತೂಕ ಇಳಿದವರಿಗೆ ಮನಸ್ಸಿನ ಮಾತು ಆಡುತ್ತ ಕೂರುವುದು ತಪ್ಪಾಗುತ್ತದೆಂದು, ಮೊದಲ ಭೇಟಿಯಲ್ಲಿ ಬೇರೇನೂ ಮಾಡದೆ ಶಸ್ತ್ರಚಿಕಿತ್ಸಕರಿಗೆ ಪತ್ರ ಕೊಟ್ಟು ವಾಪಸು ಕಳಿಸಿದೆ. ಪಿತ್ತಕೋಶ ತೆಗೆದ ಮೇಲೂ ಪಿತ್ತನಾಳದಲ್ಲಿ ಕಲ್ಲು ಉಳಿದಿರುವುದು ಅಪರೂಪಕ್ಕೆ ಉಂಟು. ಕಣ್ಣು ಹಳದಿಯಾಗುವುದು, ಮೂತ್ರ ಕಡು ಬಣ್ಣಕ್ಕೆ ತಿರುಗಿ ಮಲ ಸುಣ್ಣದಂತೆ ಬಿಳಿಚಿಕೊಳ್ಳುವುದು, ಚಳಿಜ್ವರ, ಬಿಡದ ವಾಂತಿ, ಹಳೆಯ ಜಾಗದಲ್ಲೇ ತೀವ್ರ ನೋವು, ಕಪ್ಪಾದ ಅಥವಾ ರಕ್ತ ಬೆರೆತ ಮಲ, ಇವುಗಳಲ್ಲಿ ಒಂದು ಕಂಡರೂ ಪಥ್ಯ ಬದಲಿಸುತ್ತ ಕಾಯದೆ ಆಸ್ಪತ್ರೆಗೆ ಹೋಗಬೇಕೆಂದು ಮಗಳಿಗೆ ಬರೆದುಕೊಟ್ಟೆ. ಇವರಲ್ಲಿ ಅಂಥದ್ದೇನೂ ಇರಲಿಲ್ಲ. ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆ ಸರಿಯಾಗಿದ್ದವು. ಜಿಡ್ಡು ಅರಗಿಸುವ ಪಿತ್ತರಸದಲ್ಲಿದ್ದು ದೊಡ್ಡ ಕರುಳಿಗೆ ಇಳಿಯುವ ಪಿತ್ತಾಮ್ಲವೇ ಭೇದಿಗೆ ಕಾರಣವಿರಬೇಕೆಂದು ವೈದ್ಯರು ಅದನ್ನು ಹಿಡಿದಿಡುವ ಕೊಲೆಸ್ಟಿರಮಿನ್ ಪುಡಿಯನ್ನು ಕೆಲವು ವಾರಗಳಿಗೆ ಬರೆದರು. ಆ ಪುಡಿ ಬೇರೆ ಔಷಧಿಗಳನ್ನೂ ಹಿಡಿದುಕೊಳ್ಳುವುದರಿಂದ, ಇವರ ಥೈರಾಯ್ಡ್ ಮಾತ್ರೆಗೂ ಅದಕ್ಕೂ ಕನಿಷ್ಠ 4 ಗಂಟೆಯ ಅಂತರವಿರಬೇಕೆಂದು ಹೇಳಿದ್ದರು. ಮಗಳು ಎರಡಕ್ಕೂ ಮೊಬೈಲಿನಲ್ಲಿ ಅಲಾರಂ ಇಟ್ಟಳು.

ಎರಡನೆಯ ಭೇಟಿಯಲ್ಲಿ ನಾನು ಒಂದು ತಪ್ಪು ಮಾಡಿದೆ. ಕಡತದಲ್ಲಿದ್ದ ಮುದ್ರಿತ ಪಥ್ಯದ ಪಟ್ಟಿಯೊಂದನ್ನು ಕೈಗಿತ್ತೆ. ಅದರಲ್ಲಿ ಓಟ್ಸ್, ಬ್ರೊಕೊಲಿ, ಆಲಿವ್ ಎಣ್ಣೆ ಇದ್ದವು. ಅವರು ವಿನಯದಿಂದ ಮಡಚಿ ಚೀಲಕ್ಕೆ ಹಾಕಿಕೊಂಡರು. ಅದು ದೇವರ ಕೋಣೆಯ ಪಂಚಾಂಗದೊಳಗೆ ಭದ್ರವಾಗಿ ಉಳಿದಿದೆಯೆಂದು ಮುಂದಿನ ಸಲ ಮಗಳು ಹೇಳಿದಾಗ ನಗು ಬಂತು, ನಾಚಿಕೆಯೂ ಆಯಿತು. ಕಡುಬು, ನೀರುದೋಸೆ, ತಂಬುಳಿ, ಮಜ್ಜಿಗೆಹುಳಿ ಇವೆಲ್ಲ ಇರುವ ಮನೆಗೆ ಸಲಹೆಯೂ ಅವುಗಳ ಹೆಸರಿನಲ್ಲೇ ಹೋಗಬೇಕಿತ್ತು. ಹಾಗಾಗಿ ಮೂರನೆಯ ಭೇಟಿಗೆ ಅತ್ತೆಯವರನ್ನೂ ಕರೆತರಲು ಹೇಳಿದೆ.

ಎಂಬತ್ತು ದಾಟಿದ ಆ ಅಜ್ಜಿಗೆ ಒಂದು ಗಟ್ಟಿ ಅನುಮಾನವಿತ್ತು. ಪಿತ್ತದ ಚೀಲವನ್ನೇ ಕಿತ್ತ ಮೇಲೆ ಪಿತ್ತವೆಲ್ಲ ಮೈಗೆ ಹರಡಿರಬೇಕು, ಹಾಗಾಗಿ ಪಿತ್ತ ಕೆರಳಿಸುವ ಕಡಲೆಬೀಜ, ಬದನೆಕಾಯಿ, ನಿಂಬೆಹುಳಿ ಇವೆಲ್ಲ ಸೊಸೆಗೆ ವಿಷ ಎಂಬುದು ಅವರ ಲೆಕ್ಕ. ತಲೆ ಸುತ್ತಿದರೂ ವಾಕರಿಕೆ ಬಂದರೂ ಪಿತ್ತ ಎನ್ನುವ ನಮ್ಮ ಕಡೆಯ ಮಾತಿನಲ್ಲಿ ಈ ಗೊಂದಲ ಸಹಜವೇ. ಆ ಪಿತ್ತ ಬೇರೆ, ಈ ರಸ ಬೇರೆ ಎಂದು ಹೇಳಿ, ಅವರ ಮನೆಯ ಹಿಂದಿನ ಅಬ್ಬಿ ನೀರಿನ ಮಾತು ತೆಗೆದೆ. ಗುಡ್ಡದಿಂದ, ಅಡಿಕೆ ಮರ ಸೀಳಿ ಮಾಡಿದ ದಬ್ಬೆಯಲ್ಲಿ ನೀರು ಹಗಲೂ ರಾತ್ರಿ ಸಣ್ಣಗೆ ಬಂದು ಬಚ್ಚಲಮನೆಯ ತೊಟ್ಟಿಗೆ ಬೀಳುತ್ತದೆ. ಹಾಗೆ ಪಿತ್ತಜನಕಾಂಗ ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು ಪಿತ್ತರಸವನ್ನು ಮಾಡುತ್ತಲೇ ಇರುತ್ತದೆ. ಪಿತ್ತಕೋಶವೆಂಬುದು ತೊಟ್ಟಿ ಮಾತ್ರ. ಹಿಡಿಸುವುದು 30ರಿಂದ 50 ಮಿಲಿ ಲೀಟರ್, ಅದೂ ನೀರಿನಂಶ ಹೀರಿ ಗಟ್ಟಿ ಮಾಡಿದ ರಸ. ಜಿಡ್ಡಿನ ಊಟ ಸಣ್ಣ ಕರುಳಿಗೆ ಇಳಿದಾಗ ಅದು ಹಿಂಡಿಕೊಂಡು ಒಮ್ಮೆಗೇ ಸುರಿಯುತ್ತದೆ. ಈಗ ತೊಟ್ಟಿ ಇಲ್ಲ, ನೀರು ನಿಂತಿಲ್ಲ. ಹತ್ತು ಜನ ಒಟ್ಟಿಗೆ ಮೀಯಲು ಹೋದರೆ ಸಾಲದು, ಅಷ್ಟೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಒಬ್ಬೊಬ್ರೇ ಮಿಂದ್ರಾತಲ" ಎಂದರು. ಇಡೀ ಪ್ರಕರಣದಲ್ಲಿ ಆಹಾರದ ಬಗ್ಗೆ ಇದಕ್ಕಿಂತ ಚೊಕ್ಕವಾದ ಮಾತನ್ನು ನಾನೂ ಆಡಿಲ್ಲ.

ಆಮೇಲೆ ಲೆಕ್ಕದ ಪುಸ್ತಕ ಶುರುವಾಯಿತು. ಮನೆಯಲ್ಲಿದ್ದ ಡೈರಿ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಏನು ಉಂಡದ್ದು, ಎಷ್ಟು ಗಂಟೆಗೆ, ಹೊಟ್ಟೆ ಹೇಗಿತ್ತು ಎಂದು ಮೂರು ವಾರ ಬರೆಯಲು ಹೇಳಿದೆ. ತೆಂಗಿನಕಾಯಿಯೇ ಶತ್ರು ಎಂದು ನಂಬಿದ್ದವರು ತಂದ ಪುಸ್ತಕ ಬೇರೆಯೇ ಹೇಳಿತು. 21 ದಿನಗಳಲ್ಲಿ ಹೊಟ್ಟೆ ಕೆಟ್ಟದ್ದು 8 ದಿನ. ಅದರಲ್ಲಿ 6 ದಿನ ಬೆಳಗಿನ ಜಾವ ಐದೂವರೆಗೆ ಖಾಲಿ ಹೊಟ್ಟೆಗೆ ಗಟ್ಟಿ ಹಾಲಿನ ಕಾಫಿ ಕುಡಿದು, ತಿಂಡಿ ಬಿಟ್ಟು, ಮಧ್ಯಾಹ್ನ ಎರಡೂವರೆಯ ಮೇಲೆ ಹೊಟ್ಟೆ ತುಂಬ ಗಂಜಿ ಉಂಡಿದ್ದರು. ಒಂದು ದಿನ ಏಕಾದಶಿಯ ಮರುದಿನದ ಪಾರಣೆ. ಇನ್ನೊಂದು ದಿನ ಮಳೆ ನೋಡುತ್ತ ತಿಂದ ಆರು ಹಲಸಿನ ಹಪ್ಪಳ. ಅದನ್ನು ಅವರು ಪುಸ್ತಕದಲ್ಲಿ ಎರಡು ಎಂದು ಬರೆದಿದ್ದರು, ಮಗಳು ಪಕ್ಕದಲ್ಲಿ ತಿದ್ದಿದ್ದಳು. ಹಸಿವಿನಲ್ಲಿರುವಾಗಲೂ ಪಿತ್ತರಸ ಕರುಳಿಗೆ ಇಳಿಯುತ್ತಲೇ ಇರುವುದರಿಂದ ಉಪವಾಸ ಮದ್ದಾಗುವುದಿಲ್ಲ, ತೊಂದರೆಯನ್ನೇ ಹೆಚ್ಚಿಸಬಹುದು ಎಂಬುದನ್ನು ನಾನು ಮೊದಲೂ ಹೇಳಿದ್ದೆ. ಅವರು ನಂಬಿದ್ದು ತಮ್ಮ ಕೈಬರಹದಲ್ಲಿ ಕಂಡ ಮೇಲೆ.

ನಮ್ಮ ಆಹಾರತಜ್ಞೆಯ ಜೊತೆ ಕೂತು ಕೊಟ್ಟ ಸಲಹೆ ಹೀಗಿತ್ತು. ಎದ್ದ ಒಂದು ಗಂಟೆಯೊಳಗೆ ಒಂದು ನೀರುದೋಸೆಯೋ ಒಂದು ಕಡುಬೋ ಹೊಟ್ಟೆಗೆ ಬೀಳಬೇಕು, ಕಾಫಿ ಅದರ ನಂತರ, ಕೆನೆ ತೆಗೆದ ಹಾಲಿನಲ್ಲಿ. ದಿನದ ಮೂರು ಊಟವನ್ನು ಐದಾಗಿ ಒಡೆಯಬೇಕು. ಜಿಡ್ಡನ್ನು ಪೂರ್ತಿ ಬಿಡಬಾರದು, ಏಕೆಂದರೆ ಎ, ಡಿ, ಇ, ಕೆ ಜೀವಸತ್ವಗಳು ಮೈಗೆ ಹಿಡಿಯುವುದು ಜಿಡ್ಡಿನ ಜೊತೆಗೇ. ಆದರೆ ಅದು ಒಂದೇ ಹೊತ್ತಿಗೆ ಬೀಳದಂತೆ ಹಂಚಬೇಕು. ಒಂದು ಟೀ ಚಮಚ ಎಣ್ಣೆ ಅಥವಾ ತುಪ್ಪದಲ್ಲಿ ಹೆಚ್ಚುಕಡಿಮೆ 5 ಗ್ರಾಂ ಕೊಬ್ಬಿರುತ್ತದೆ. 30 ಗ್ರಾಂ ಹಸಿ ಕಾಯಿತುರಿಯಲ್ಲಿ ಸುಮಾರು 10 ಗ್ರಾಂ. ಈ ಲೆಕ್ಕ ಹಿಡಿದು, ಮನೆಮಂದಿಯ ಹುಳಿಗೆ ಅರ್ಧ ಕಾಯಿ ರುಬ್ಬುವುದನ್ನು ಮೊದಲ ತಿಂಗಳು ಕಾಲು ಕಾಯಿಗೆ ಇಳಿಸಿದರು. ಕಾಯಿ ಇದ್ದ ಹೊತ್ತಿನಲ್ಲಿ ತುಪ್ಪ ಬೇಡ, ತುಪ್ಪ ಇದ್ದ ಹೊತ್ತಿನಲ್ಲಿ ಹಪ್ಪಳ ಬೇಡ ಎಂಬುದು ಅಡುಗೆಮನೆಯ ನಿಯಮವಾಯಿತು. ನಿಲ್ಲಿಸಿದ್ದ ಹೆಸರುಬೇಳೆ ತೊವ್ವೆ ಮತ್ತೆ ಬಂತು. ಇಳಿದ ತೂಕಕ್ಕೆ ಅದು ಮುಖ್ಯವಾಗಿತ್ತು. ಪುಟ್ಟಬಾಳೆ ಹಣ್ಣು, ಬೇಯಿಸಿದ ಸೋರೆ, ಸೌತೆ, ಕುಂಬಳ, ಬಾರ್ಲಿ ಗಂಜಿ ಇವುಗಳಲ್ಲಿರುವ ಕರಗುವ ನಾರನ್ನು ವಾರಕ್ಕೊಂದರಂತೆ ಸೇರಿಸಿದೆವು. ಒಮ್ಮೆಗೇ ಸೇರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಕಲ್ಲಿಗೆ ಒಳ್ಳೆಯದೆಂದು ಯಾರೋ ಹೇಳಿ ಕುಡಿಸುತ್ತಿದ್ದ ಬಾಳೆದಿಂಡಿನ ರಸವನ್ನು ನಿಲ್ಲಿಸಿದೆವು. ಆ ಮನೆಮದ್ದನ್ನು ಜನ ಮಾಡುವುದು ಮೂತ್ರಪಿಂಡದ ಕಲ್ಲಿಗೆ, ಇದು ಬೇರೆ ಕಲ್ಲು, ಅದರ ಚೀಲವೂ ಈಗ ಇಲ್ಲ. ಏಕಾದಶಿಯ ವಿಷಯದಲ್ಲಿ ನಾನು ಬಾಯಿ ಹಾಕಲಿಲ್ಲ. ಹಣ್ಣು, ಅವಲಕ್ಕಿ ತಿಂದು ಮಾಡಿದರೂ ವ್ರತವೇ ಎಂದು ಅಜ್ಜಿಯೇ ತೀರ್ಮಾನ ಕೊಟ್ಟರು.

ಇದು ಆಜನ್ಮದ ಪಥ್ಯವಲ್ಲ ಎಂಬುದನ್ನು ಪ್ರತಿ ಭೇಟಿಯಲ್ಲೂ ಹೇಳಬೇಕಾಯಿತು. ಹೆಚ್ಚಿನವರ ಕರುಳು ಕೆಲವು ವಾರಗಳಲ್ಲಿ, ಕೆಲವರದು ಕೆಲವು ತಿಂಗಳಲ್ಲಿ ಹೊಂದಿಕೊಳ್ಳುತ್ತದೆ. ಆಮೇಲೆ ಮನೆಯವರು ಉಣ್ಣುವುದನ್ನೇ ಹಿತಮಿತವಾಗಿ ಉಣ್ಣಬಹುದು. ಹೊಟ್ಟೆ ಕೆಟ್ಟ ದಿನ ಅವರು ತಪ್ಪು ಮಾಡಿದವರಂತೆ ಪುಸ್ತಕವನ್ನು ಮುಚ್ಚಿಡುತ್ತಿದ್ದರು. ಆ ದಿನದ ಪುಟವೇ ನನಗೆ ಹೆಚ್ಚು ಬೇಕಾದದ್ದು ಎಂದು ಹೇಳಿ, ಬೈಗುಳಕ್ಕೆ ಕಾದವರಂತೆ ಕೂತಿದ್ದವರಿಂದ ಅದನ್ನೇ ಮೊದಲು ಓದಿಸುತ್ತಿದ್ದೆ.

ಬಸ್ಸಿನ ಹೆದರಿಕೆ ಮಾತ್ರ ಹೊಟ್ಟೆಯ ಹಿಂದೆಯೇ ಹೋಗಲಿಲ್ಲ. ಭೇದಿ ನಿಂತು ಮೂರು ವಾರವಾದರೂ ಬಸ್ಸಿನ ಹಾರ್ನ್ ಕೇಳಿದರೆ ಹೊಟ್ಟೆ ಹಿಂಡುತ್ತದೆ ಎನ್ನುತ್ತಿದ್ದರು. ಅದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋದೆವು. ಮೊದಲು ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ರಾತ್ರಿಯೂಟ. ಆಮೇಲೆ ಬಸ್ ಸ್ಟಾಪಿನವರೆಗೆ ನಡೆದು ವಾಪಸು. ಆಮೇಲೆ ಮಗಳ ಜೊತೆ ತೀರ್ಥಹಳ್ಳಿ, ಆಮೇಲೆ ಒಬ್ಬರೇ. ಪ್ರತಿ ಸಲ ಹೊರಡುವ ಒಂದೂವರೆ ಗಂಟೆ ಮೊದಲು ಅಭ್ಯಾಸದ ಸಣ್ಣ ತಿಂಡಿ ತಿನ್ನಲೇಬೇಕು, ಉಪವಾಸವಿರಕೂಡದು ಎಂಬುದು ಕರಾರು. ಚೀಲದ ಸೀರೆಯನ್ನು ಬಿಡಲು ನಾನು ಹೇಳಲಿಲ್ಲ. ಬೇಡವೆನಿಸಿದಾಗ ಅವರೇ ಬಿಡಲಿ ಎಂದುಕೊಂಡೆ.

ಅಕ್ಟೋಬರ್ ಹೊತ್ತಿಗೆ 4 ಕೆ.ಜಿ. ಮರಳಿತ್ತು, ವೈದ್ಯರು ಪುಡಿಯನ್ನು ನಿಲ್ಲಿಸಿದ್ದರು. ಕೊನೆಯ ಭೇಟಿಗೆ ಅವರು ಒಬ್ಬರೇ, ಸುಮಾರು 60 ಕಿ.ಮೀ. ಬಸ್ಸಿನಲ್ಲಿ ಬಂದರು. ಬಾತ್‌ರೂಮು ಎಲ್ಲೆಂದು ಕೇಳಲಿಲ್ಲ. ಎಲ್ಲಿದೆಯೆಂದು ಗೊತ್ತಿತ್ತಲ್ಲ, ಅದನ್ನು ನಾನು ಗೆಲುವೆಂದು ಬರೆದುಕೊಳ್ಳುವ ಹಾಗಿಲ್ಲ. ಖಾಲಿ ಹೊಟ್ಟೆಯ ಕಾಫಿ ಈಗಲೂ ಆಗುವುದಿಲ್ಲ, ಹೋಳಿಗೆ ಒಂದಕ್ಕಿಂತ ಹೆಚ್ಚಾದರೆ ಮರುದಿನ ಬೆಳಿಗ್ಗೆ ತಿಳಿಯುತ್ತದೆ ಎಂದರು. ಮುಂದಿನ ಭೇಟಿ ಯಾವಾಗ ಎಂದಾಗ, ಕೊಯ್ಲು ಶುರುವಾಗುತ್ತದೆ, ಮನೆಯಲ್ಲಿ ಅಡಿಕೆ ಸುಲಿಯುವವರಿಗೆಲ್ಲ ಅಡುಗೆಯಾಗಬೇಕು, ಬೇಕೆನಿಸಿದರೆ ಫೋನ್ ಮಾಡುತ್ತೇನೆ ಎಂದು ಹೇಳಿ ಮೂರೂವರೆಯ ಬಸ್ಸಿಗೆ ಎದ್ದರು. ಚೀಲ ಹೆಗಲಿನಲ್ಲಿತ್ತು. ಅದರಲ್ಲಿ ಸೀರೆ ಇದೆಯೇ ಎಂದು ನಾನು ಕೇಳಲಿಲ್ಲ.