ಮೆಡಿಕೇರ್ ಹೆಸರಿನಲ್ಲಿ ಬರುವ ‘ಉಚಿತ’ ಬ್ರೇಸು, ಮೀಟರುಗಳ ಬಗ್ಗೆ

ಕ್ಯಾಲಿಫೋರ್ನಿಯಾಕ್ಕೆ ಬಂದ ಹೊಸತರಲ್ಲೇ ಅತ್ತೆಯವರ ಆರೈಕೆಯ ಹೊಣೆ ನಿಮ್ಮ ಪಾಲಿಗೆ ಬಂದಿದೆ ಎಂದು ಬರೆದಿದ್ದೀರಿ. ಮಂಡಿಗೆ ಆಧಾರವಾಗಿ ಹಾಕುವ ಪಟ್ಟಿ, ಅಂದರೆ ಬ್ರೇಸ್, ಮತ್ತು ಸಕ್ಕರೆ ನೋಡುವ ಮೀಟರ್ ಒಂದು ಡಾಲರೂ ಖರ್ಚಿಲ್ಲದೆ ಮನೆಗೇ ಬರುತ್ತವೆ ಎಂದು ಯಾರೋ ಫೋನ್ ಮಾಡಿ ಅವರ ಮೆಡಿಕೇರ್ ನಂಬರ್ ಕೇಳಿದ್ದಾರೆ, ಕೊಡಬಹುದೇ ಎಂಬುದು ನಿಮ್ಮ ಪ್ರಶ್ನೆ. ದಯವಿಟ್ಟು ಕೊಡಬೇಡಿ.

ಮೆಡಿಕೇರ್ ಎಂಬುದು ಮುಖ್ಯವಾಗಿ 65 ದಾಟಿದವರಿಗಾಗಿ ಇಲ್ಲಿನ ಕೇಂದ್ರ ಸರ್ಕಾರ ನಡೆಸುವ ಆರೋಗ್ಯ ವಿಮೆ. ಅದರ ಪಾರ್ಟ್ ಬಿ ಭಾಗವು ವಾಕರ್, ವೀಲ್‌ಚೇರ್, ಬ್ರೇಸ್, ಸಕ್ಕರೆ ಪರೀಕ್ಷೆಯ ಸ್ಟ್ರಿಪ್ ಮುಂತಾದವುಗಳಿಗೆ ಹಣ ಕೊಡುವುದು ನಿಜ. ಆದರೆ ರೋಗಿಯನ್ನು ನೋಡಿಕೊಳ್ಳುವ ವೈದ್ಯರು ಬರೆದುಕೊಟ್ಟಿರಬೇಕು, ಮೆಡಿಕೇರ್‌ನಲ್ಲಿ ನೋಂದಾಯಿಸಿಕೊಂಡ ಮಾರಾಟಗಾರರೇ ಅದನ್ನು ಪೂರೈಸಬೇಕು. ವರ್ಷದ ಡಿಡಕ್ಟಿಬಲ್, ಅಂದರೆ ವಿಮೆ ಕೊಡಲು ಶುರುಮಾಡುವ ಮೊದಲು ರೋಗಿಯೇ ಕೈಯಿಂದ ಕೊಡಬೇಕಾದ ಮೊತ್ತ (2025ರಲ್ಲಿ 257 ಡಾಲರ್), ತುಂಬಿದ ಮೇಲೆ, ಮೆಡಿಕೇರ್ ಒಪ್ಪಿದ ಬೆಲೆಯಲ್ಲಿ ಶೇ. 80 ಸರ್ಕಾರದ್ದು, ಉಳಿದ ಶೇ. 20 ನಿಮ್ಮ ಅತ್ತೆಯವರದ್ದು ಅಥವಾ ಅವರಿಗೆ ಬೇರೆ ಪೂರಕ ವಿಮೆಯಿದ್ದರೆ ಅದರದ್ದು. ಆ ಶೇ. 20ನ್ನು ಬಂದವರಿಗೆಲ್ಲ ಮನ್ನಾ ಮಾಡುತ್ತೇವೆ ಎನ್ನುವುದು ಔದಾರ್ಯವಲ್ಲ, ಕಾನೂನುಬಾಹಿರ. ರೋಗಿಯ ಲಿಖಿತ ಒಪ್ಪಿಗೆಯಿಲ್ಲದೆ, ಹಿಂದಿನ ವ್ಯವಹಾರವೂ ಇಲ್ಲದೆ, ಇಂಥ ಮಾರಾಟಗಾರರು ತಾವಾಗಿಯೇ ಫೋನ್ ಮಾಡುವುದಕ್ಕೂ ನಿಷೇಧವಿದೆ. ಹಾಗಾಗಿ ಆ ಕರೆ ಬಂದದ್ದೇ ಸಂಶಯಕ್ಕೆ ಸಾಕಷ್ಟು ಕಾರಣ.

ಇದು ಎಷ್ಟು ದೊಡ್ಡ ದಂಧೆ ಎಂಬುದು 2019ರ ಏಪ್ರಿಲ್‌ನಲ್ಲಿ ಹೊರಬಿತ್ತು. ಹೊರದೇಶಗಳ ಕಾಲ್ ಸೆಂಟರುಗಳಿಂದ ವೃದ್ಧರಿಗೆ ಫೋನ್ ಮಾಡಿಸಿ, ರೋಗಿಯ ಮುಖವನ್ನೇ ನೋಡದ ವೈದ್ಯರಿಂದ ಸಹಿ ಹಾಕಿಸಿ, ಬೆನ್ನು, ಮಂಡಿ, ಭುಜ, ಮಣಿಕಟ್ಟುಗಳ ಬ್ರೇಸುಗಳಿಗಾಗಿ ಮೆಡಿಕೇರ್‌ಗೆ ಬಿಲ್ ಮಾಡುತ್ತಿದ್ದ 24 ಮಂದಿಯ ಮೇಲೆ ಅಮೆರಿಕದ ನ್ಯಾಯ ಇಲಾಖೆ ಆರೋಪ ಹೊರಿಸಿತು. ನಷ್ಟದ ಮೊತ್ತ 120 ಕೋಟಿ ಡಾಲರಿಗೂ ಮಿಗಿಲು ಎಂದಿತು.

ಸರ್ಕಾರದ ದುಡ್ಡು ಹೋದರೆ ನಮಗೇನು ಎಂದುಕೊಳ್ಳುವವರು ನಮ್ಮವರಲ್ಲೂ ಇದ್ದಾರೆ. ನನ್ನ ಪರಿಚಯದ ಹಿರಿಯರೊಬ್ಬರ ಮಂಚದ ಕೆಳಗೆ ಇಂಥ ಪೆಟ್ಟಿಗೆಯೊಂದನ್ನು ನಾನೇ ಕಂಡಿದ್ದೇನೆ: ಪ್ಲಾಸ್ಟಿಕ್ ಕವರನ್ನೂ ಬಿಚ್ಚದ ಎರಡು ಮಂಡಿ ಬ್ರೇಸುಗಳು, ಅವರ ಸಣಕಲು ಕಾಲಿಗೆ ತೊಡಿಸಿದರೆ ಪಾದದವರೆಗೂ ಜಾರುವಷ್ಟು ಸಡಿಲ. ಮೆಡಿಕೇರ್ ಕಳಿಸಿದ ಲೆಕ್ಕದ ಪತ್ರದಲ್ಲಿ ಅದೇ ತಾರೀಖಿಗೆ, ಮನೆಗೆ ಬಂದೇ ಇಲ್ಲದ ಸೊಂಟದ ಬ್ರೇಸ್ ಕೂಡ ಸೇರಿತ್ತು. ಇಂಥ ಒಂದೊಂದು ವಸ್ತುವಿಗೂ ಇಷ್ಟು ವರ್ಷದ ಬಾಳಿಕೆ ಎಂದು ಮೆಡಿಕೇರ್ ಲೆಕ್ಕ ಹಿಡಿಯುತ್ತದೆ. ನಡುವೆ ಮೂಳೆ ವೈದ್ಯರು ನಿಜವಾಗಿ ಬ್ರೇಸ್ ಬರೆದುಕೊಟ್ಟಾಗ ‘ಈಗಾಗಲೇ ಕೊಟ್ಟಾಗಿದೆ’ ಎಂಬ ಉತ್ತರ ಬರುವುದು ಈ ಕಾರಣದಿಂದಲೇ.

ಫೋನ್ ಮಾಡಿದವರ ಮುಖಕ್ಕೆ ಹೊಡೆದಂತೆ ಲೈನ್ ಕಟ್ ಮಾಡುವುದು ನಮ್ಮ ಹಿರಿಯರಿಗೆ ಅಸಭ್ಯವೆನ್ನಿಸುತ್ತದೆ. ಮಂಡಿನೋವು ಹೇಗಿದೆ ಎಂದು ವಿಚಾರಿಸುವವರು ಸಿಕ್ಕರಂತೂ ಮಾತು ಬೆಳೆಯುತ್ತದೆ. ಆದ್ದರಿಂದ ‘ಸೊಸೆಯನ್ನು ಕೇಳಿ’ ಎಂದಷ್ಟೇ ಹೇಳಿ ಫೋನ್ ಇಡುವಂತೆ ಅತ್ತೆಯವರಿಗೆ ಹೇಳಿಕೊಡಿ. ಅವರು ಈಗಾಗಲೇ ನಂಬರ್ ಕೊಟ್ಟಿದ್ದರೆ ಮೆಡಿಕೇರ್‌ನ 1-800-633-4227ಕ್ಕೆ ಕರೆ ಮಾಡಿ ತಿಳಿಸಿ, ಕೇಳದೆ ಬಂದ ಪೆಟ್ಟಿಗೆಯನ್ನು ತೆಗೆದುಕೊಳ್ಳದೆ ಹಿಂದಿರುಗಿಸಿ, ಲೆಕ್ಕದ ಪತ್ರ ಬಂದಾಗಲೆಲ್ಲ ಸಾಲುಸಾಲಾಗಿ ಓದಿ.

ಮೀಟರ್ ನಿಜಕ್ಕೂ ಬೇಕಿದ್ದರೆ ಅವರ ವೈದ್ಯರಲ್ಲೇ ಬರೆಸಿಕೊಳ್ಳಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಾಮಾನ್ಯವಾಗಿ 3 ತಿಂಗಳಿಗೆ 300 ಸ್ಟ್ರಿಪ್, ಉಳಿದವರಿಗೆ 100 ಸಿಗುತ್ತವೆ. ಅಂಗಡಿಯವರನ್ನು ‘ಮೆಡಿಕೇರ್ ಅಸೈನ್‌ಮೆಂಟ್ ಒಪ್ಪುತ್ತೀರಾ’ ಎಂದು ಮೊದಲೇ ಕೇಳಿ. ಒಪ್ಪುವವರು ನಿಗದಿತ ಬೆಲೆಗಿಂತ ಹೆಚ್ಚು ವಸೂಲು ಮಾಡುವಂತಿಲ್ಲ. ಸ್ನಾನದ ಕುರ್ಚಿ, ಗೋಡೆಗೆ ಹಾಕುವ ಹಿಡಿಕೆಗಳಿಗೆ ಮೂಲ ಮೆಡಿಕೇರ್ ಹಣ ಕೊಡುವುದಿಲ್ಲ. ಅವನ್ನು ನೀವೇ ಕೊಂಡುಕೊಳ್ಳಬೇಕು.

ಪ್ರವಾಸಿ ವೀಸಾದಲ್ಲಿ ಬರಲಿರುವ ನಿಮ್ಮ ತಂದೆ-ತಾಯಿಗೆ ಇದಾವುದೂ ಅನ್ವಯಿಸದು. ಗ್ರೀನ್ ಕಾರ್ಡ್ ಪಡೆದು ಇಲ್ಲೇ ನೆಲೆಸುವವರೂ ತಮ್ಮದಾಗಲಿ ಸಂಗಾತಿಯದಾಗಲಿ ಇಲ್ಲಿನ ದುಡಿಮೆಯ ದಾಖಲೆಯಿಲ್ಲದಿದ್ದರೆ, 65 ತುಂಬಿ, ಸತತ 5 ವರ್ಷ ಇಲ್ಲಿ ವಾಸವಾದ ಮೇಲಷ್ಟೇ ಪ್ರೀಮಿಯಂ ಕಟ್ಟಿ ಪಾರ್ಟ್ ಬಿ ಪಡೆಯಬಹುದು. ತಂದೆಯವರು ಊರಿನಲ್ಲಿ ಬಳಸುವ ಮೀಟರನ್ನೇ, ಅದಕ್ಕೆ ಹೊಂದುವ ಸ್ಟ್ರಿಪ್ಪುಗಳನ್ನು ಇಲ್ಲಿರುವಷ್ಟು ದಿನಕ್ಕೂ ಸಾಲುವಂತೆ ಎಣಿಸಿ, ಕೈಚೀಲದಲ್ಲಿ ಇಟ್ಟುಕೊಂಡು ಬರಲು ಹೇಳಿ.