ಸಿಲ್ವರ್ ಮರದ ಬೇರು ತೋಟದ ಮಣ್ಣನ್ನು ಹುಳಿ ಮಾಡುತ್ತದಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ನಾಲ್ಕು ಎಕರೆ ಕಾಫಿ ತೋಟ. ನೆರಳಿಗೆ ಸಿಲ್ವರ್ (ಸಿಲ್ವರ್ ಓಕ್ ಮರ) ಜಾಸ್ತಿ ಇದೆ. ಮಣ್ಣು ಪರೀಕ್ಷೆಯಲ್ಲಿ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 5.1 ಬಂದಿದೆ. ಸಿಲ್ವರ್ ಬೇರಿನಿಂದಲೇ ಮಣ್ಣು ಹುಳಿಯಾಗಿದೆ, ಕಡಿಸಿಬಿಡಿ ಎನ್ನುತ್ತಾರೆ ಪಕ್ಕದ ತೋಟದವರು. ನಿಜವಾ?

ಉತ್ತರ: ದಯವಿಟ್ಟು ಈ ಕಾರಣಕ್ಕೆ ಮರ ಕಡಿಸಬೇಡಿ. ಬೇರು ಮಣ್ಣನ್ನು ಹುಳಿ ಮಾಡುವುದು ನಿಜ. ಆದರೆ ಆ ಹುಳಿ ಹೆಚ್ಚಾಗಿ ಬೇರಿಗೆ ಅಂಟಿದ ಕೆಲವೇ ಮಿಲಿಮೀಟರ್ ಮಣ್ಣಿನಲ್ಲಿರುತ್ತದೆ.

ಮಣ್ಣು ಹಸಿಯಿರುವಾಗ ಸಿಲ್ವರ್ ಬುಡದ ಹತ್ತಿರ ತರಗೆಲೆ ಸರಿಸಿ, ಕೈಯಲ್ಲೇ ಮೆಲ್ಲಗೆ ಕೆದಕಿ ನೋಡಿ. ಸಣ್ಣ ಬೇರಿನ ಮೇಲೆ ಅಲ್ಲಲ್ಲಿ ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ ಒತ್ತೊತ್ತಾಗಿ ಎಳೆಬೇರಿನ ಗೊಂಚಲು ಕಾಣಬಹುದು. ಕೊಡವಿದರೂ ಮಣ್ಣು ಬಿಡುವುದಿಲ್ಲ. ಸಿಲ್ವರ್ ಆಸ್ಟ್ರೇಲಿಯಾದ ಮರ. ಅಲ್ಲಿ ಬಹಳ ಕಡೆ ಮಣ್ಣಿನಲ್ಲಿ ಗಿಡಕ್ಕೆ ಬೇಕಾದ ರಂಜಕ (ಫಾಸ್ಫರಸ್) ತೀರಾ ಕಡಿಮೆ. ನಮ್ಮ ಕೆಂಪು ಮಣ್ಣಿನಲ್ಲಿ ರಂಜಕ ಇದ್ದರೂ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಗಟ್ಟಿಯಾಗಿ ಹಿಡಿದಿಟ್ಟಿರುತ್ತವೆ. ಈ ಗೊಂಚಲು ನಿಂಬೆಹಣ್ಣಿನಲ್ಲಿರುವ ಸಿಟ್ರಿಕ್ ಆಮ್ಲವನ್ನೇ ಮಣ್ಣಿಗೆ ಬಿಡುತ್ತದೆ. ಅದು ಕಬ್ಬಿಣವನ್ನು ತನ್ನ ಕಡೆ ಎಳೆದುಕೊಂಡಾಗ ರಂಜಕ ಬಿಡಿಸಿಕೊಂಡು ಬೇರಿಗೆ ಸಿಗುತ್ತದೆ. ಎಂಥ ಚೆಂದದ ಉಪಾಯ ಅಲ್ವಾ?

ಲ್ಯಾಬಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಹುಳಿ ತಾಗಿದರೆ ಬಣ್ಣ ಬದಲಿಸುವ ಬ್ರೊಮೊಕ್ರೆಸಾಲ್ ಪರ್ಪಲ್ ಬೆರೆಸಿದ ಅಗರ್ (ಜೆಲ್ಲಿಯಂಥ ಪದಾರ್ಥ) ಮೇಲೆ ಜೀವಂತ ಬೇರನ್ನು ಹರಡಿದರೆ, ಹುಳಿ ಬಿಡುವ ಜಾಗದಲ್ಲಿ ನೇರಳೆ ಬಣ್ಣ ಹಳದಿಗೆ ತಿರುಗುತ್ತದೆ. ಪಕ್ಕದಲ್ಲೇ ನೇರಳೆ ಹಾಗೇ ಉಳಿದಿರುತ್ತದೆ. ಬೇರು ಏನು ತಿನ್ನುತ್ತಿದೆ ಎನ್ನುವುದರ ಮೇಲೂ ಇದು ನಿಂತಿದೆ. ಸಾರಜನಕ ಮಣ್ಣಿನಲ್ಲಿ ಅಮೋನಿಯಂ, ನೈಟ್ರೇಟ್ ಎಂಬ ಎರಡು ರೂಪದಲ್ಲಿ ಬೇರಿಗೆ ಸಿಗುತ್ತದೆ. ಅಮೋನಿಯಂ ಹೀರಿದರೆ ಹುಳಿ ಬಿಡುತ್ತದೆ, ನೈಟ್ರೇಟ್ ಹೀರಿದರೆ ಸುತ್ತಲಿನ ಹುಳಿ ಕಡಿಮೆಯಾಗುತ್ತದೆ. ಗಾಳಿಯ ಸಾರಜನಕ ಹಿಡಿಯುವ ಇನ್ನೊಂದು ನೆರಳಿನ ಮರ ಹಾಲುವಾಣದ ಬೇರೂ ಹುಳಿ ಬಿಡುತ್ತದೆ.

ಹಾಗಾದರೆ ಇಡೀ ತೋಟಕ್ಕೆ 5.1 ಎಲ್ಲಿಂದ ಬಂತು? ನಿಮ್ಮ ಕಡೆಯ ಜಡಿಮಳೆ ಮತ್ತು ಯೂರಿಯಾವನ್ನು ಮೊದಲು ನೋಡಬೇಕು. ಯೂರಿಯಾ ಅಮೋನಿಯಂ ಆಗಿ, ಆಮೇಲೆ ಸೂಕ್ಷ್ಮಜೀವಿಗಳಿಂದ ನೈಟ್ರೇಟ್ ಆಗುವಾಗ ಹುಳಿ ಹುಟ್ಟುತ್ತದೆ. ಆ ನೈಟ್ರೇಟನ್ನು ಗಿಡ ಹೀರಿದರೆ ಹುಳಿ ಬಹುಪಾಲು ಸರಿಹೋಗುತ್ತದೆ. ಮಳೆ ಅದನ್ನು ಕೊಚ್ಚಿಕೊಂಡು ಹೋದರೆ ಜೊತೆಗೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಕೂಡ ಹೋಗುತ್ತವೆ. ಹುಳಿ ಮಾತ್ರ ಮಣ್ಣಿನಲ್ಲೇ ಉಳಿಯುತ್ತದೆ. ಹೀಗೆ ಕೆಳಗಿಳಿದ ಕ್ಯಾಲ್ಸಿಯಂನಲ್ಲಿ ಒಂದಷ್ಟನ್ನು ಆಳದ ಬೇರಿನಿಂದ ಎಳೆದು, ಎಲೆ ಉದುರಿಸಿ ಮೇಲ್ಮಣ್ಣಿಗೆ ವಾಪಸ್ ಕೊಡುವುದು ನೆರಳಿನ ಮರಗಳೇ. ತರಗೆಲೆ ಗುಡಿಸಿ ಸುಡಬೇಡಿ.

ಕಾಫಿಗೆ 6ರಿಂದ 6.5 ಪಿಎಚ್ ಒಳ್ಳೆಯದು. ಪಿಎಚ್ ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು ಏರಿದಂತೆ. ಹಾಗಾಗಿ ನಿಮ್ಮ ತೋಟಕ್ಕೆ ಸುಣ್ಣ ಬೇಕೇ ಬೇಕು. ಸುಮ್ನೆ ಅಂದಾಜಿನ ಮೇಲೆ ಸುರಿಯಬೇಡಿ. ತೋಟದ ಹತ್ತಾರು ಕಡೆ 9 ಇಂಚು ಆಳದವರೆಗೆ ಮಣ್ಣು ತೆಗೆದು, ಬೆರೆಸಿ, ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಎಷ್ಟು ಸುಣ್ಣ ಎಂದು ಅಲ್ಲೇ ಕೇಳಿ. ಸುಣ್ಣವನ್ನೂ ಯೂರಿಯಾವನ್ನೂ ಒಟ್ಟಿಗೆ ಹಾಕಬೇಡಿ, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ನಡುವೆ ಕೆಲವು ವಾರ ಬಿಡಿ.